ಹಳೇದೋ ಹೊಸದೋ

ಈ ಮಹಾನಗರಕ್ಕೆ ಎರಡು ವಿಮಾನ ನಿಲ್ದಾಣ. ಹಳೇದು ಊರಿನ ಹೊಟ್ಟೆಯೊಳಗೇ ಇದೆ. ತಗ್ಗು ಛಾವಣಿ, ಮಂಕು ದೀಪ, ಕೂರಲು ಕುರ್ಚಿ ಸಿಕ್ಕರೆ ಅದೇ ಪುಣ್ಯ; ಆದರೆ ಬಾಗಿಲು ದಾಟಿದರೆ ಬಸ್ಸು, ಬಸ್ಸು ಹತ್ತಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಊರು. ಹೊಸದು ಇರುವುದು ಊರು ಮುಗಿದು, ಊರಿನ ಕಸ ಸುರಿಯುವ ಬಯಲೂ ಮುಗಿದು, ಇನ್ನೇನು ಬೇರೆ ಊರು ಶುರುವಾಗಬೇಕು ಅನ್ನುವ ಜಾಗದಲ್ಲಿ. ಅಲ್ಲಿ ಗೋಡೆಯೆಲ್ಲ ಗಾಜು, ನೆಲವೆಲ್ಲ ಕನ್ನಡಿ, ಶೌಚಾಲಯದಲ್ಲೂ ಸಂಗೀತ. ಅದನ್ನು ಕಟ್ಟಿದ ಪುಣ್ಯಾತ್ಮರಿಗೆ ಊರಿನ ನೆನಪಾದದ್ದು ಕಟ್ಟಿ ಮುಗಿಸಿದ ಮೇಲೇ ಇರಬೇಕು ಎಂದು ಅಕ್ಕ ಹೇಳುತ್ತಿದ್ದಳು.

ಅಕ್ಕ ಅಂದರೆ ಆಫೀಸಿನಲ್ಲೂ ಅಕ್ಕನೇ, ಮನೆಯಲ್ಲೂ ಅಕ್ಕನೇ. ಪ್ರವಾಸಿ ಮಾಹಿತಿ ಕೇಂದ್ರದ ಫೋನು ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜು ಅವಳದು. ಊರಿಗೆ ಬರುವವರು ಫೋನು ಮಾಡಿ ಯಾವ ನಿಲ್ದಾಣದಲ್ಲಿ ಇಳಿಯಲಿ, ಅಲ್ಲಿಂದ ರೈಲೋ ಬಸ್ಸೋ ಟ್ಯಾಕ್ಸಿಯೋ ಎಂದು ಕೇಳುತ್ತಾರೆ, ಅವಳು ಹೇಳುತ್ತಾಳೆ. ಹೇಳುವ ದನಿ ಬೆಣ್ಣೆಯ ಹಾಗೆ. ಹೇಳಿ ಮುಗಿಸಿ, ಫೋನಿಟ್ಟು, ಅವಳು ಆಡುವ ಮಾತಿಗೂ ಆ ದನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೇಳುವವರ ಮೇಲೆ ಅವಳಿಗೆ ಎಳ್ಳಷ್ಟೂ ಗೌರವ ಇರಲಿಲ್ಲ.

"ಒಬ್ಬ ಮಹಾನುಭಾವ ಹೊಸ ಏರ್‌ಪೋರ್ಟಿಂದ ಸಮುದ್ರ ದಡಕ್ಕೆ ನಡ್ಕೊಂಡು ಹೋಗ್ಬಹುದಾ ಅಂತ ಕೇಳ್ತಾನೆ. ನಡೀಲಿ. ಮುಂದಿನ ವರ್ಷ ತಲುಪ್ತಾನೆ," ಅನ್ನುವಳು. ಇನ್ನೊಬ್ಬಳಿಗೆ ಟ್ಯಾಕ್ಸಿಯವರೆಲ್ಲ ಕಳ್ಳರು, ಬಸ್ಸಿನಲ್ಲಿ ಬರೀ ಬೆವರು, ರೈಲಿನಲ್ಲಿ ಮೆಟ್ಟಿಲು ಹತ್ತಬೇಕು. "ಹಾಗಾದ್ರೆ ತಾಯಿ, ಮನೇಲೇ ಇರಿ ಅಂತ ಹೇಳೋಣ ಅನ್ನಿಸ್ತು. ಸಂಬಳ ಕೊಡ್ತಾರಲ್ಲ, ಅದಕ್ಕೆ ನುಂಗ್ಕೊಂಡೆ." ಮಾವನ ಮನೆಗೆ ಬರುವ ಹೊಸ ಅಳಿಯಂದಿರನ್ನಂತೂ ಅವಳಿಗೆ ಕಂಡರಾಗದು. ಅವರಿಗೆ ಹೊಸ ನಿಲ್ದಾಣವೇ ಬೇಕು, ಹಿಂದೆ ಗಾಜಿನ ಗೋಡೆ ಇರುವ ಫೋಟೋ ಬೇಕು.

ಆದರೆ ಕೆಲಸ ಅಂದರೆ ಕೆಲಸ. ಅವಳ ಬಾಯಿಂದ ಒಂದು ತಪ್ಪು ದಾರಿ ಹೊರಟಿದ್ದು ಯಾರಿಗೂ ನೆನಪಿಲ್ಲ. ಹೊಸದಾಗಿ ಸೇರಿದವರಿಗೆ ಅವಳು ಕಲಿಸುತ್ತಿದ್ದುದು ಒಂದೇ ಪಾಠ. "ಅವರು ಹಳೇದೋ ಹೊಸದೋ ಅಂತ ಕೇಳ್ತಾರೆ. ಅದಕ್ಕೆ ಉತ್ತರ ಕೊಡೋಕೆ ಹೋಗ್ಬೇಡಿ. ಎಲ್ಲಿಗೆ ಹೋಗ್ಬೇಕು ಅಂತ ಮೊದಲು ನೀವು ಕೇಳಿ. ಎಲ್ಲಿಗೆ ಹೋಗ್ಬೇಕು ಅಂತ ತಿಳೀದೆ ಎಲ್ಲಿ ಇಳೀಬೇಕು ಅಂತ ಹೇಳೋನು ದಡ್ಡ." ಎಲ್ಲರೂ ತಲೆಯಾಡಿಸುವರು. ಈ ಪಾಠ ಅವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಂದದ್ದು ಅಪ್ಪನಿಂದ. ಅಪ್ಪ ಹಳೇ ವಿಮಾನ ನಿಲ್ದಾಣದ ಬಸ್ಸಿನ ಡ್ರೈವರ್ ಆಗಿದ್ದ. ಸ್ಕೂಲಿಗೆ ರಜೆ ಇದ್ದಾಗ ಅಕ್ಕ ಅವನ ಹಿಂದಿನ ಸೀಟಿನಲ್ಲಿ ಕೂತು ಊರೆಲ್ಲ ಸುತ್ತುತ್ತಿದ್ದಳು. ಪ್ರತಿ ನಿಲ್ದಾಣದ ಹೆಸರನ್ನೂ ಕಂಡಕ್ಟರನಿಗಿಂತ ಮೊದಲೇ ಕೂಗುತ್ತಿದ್ದಳು. ಪೆಟ್ಟಿಗೆ ಹಿಡಿದು ಬೆಪ್ಪಾಗಿ ನಿಂತವರು ಈ ಬಸ್ಸು ಹೋಗುತ್ತಾ ಎಂದರೆ ಅಪ್ಪ, "ನೀವು ಎಲ್ಲಿಗೆ ಹೋಗ್ಬೇಕು ತಾಯಿ, ಅದನ್ನ ಹೇಳಿ ಮೊದಲು," ಅನ್ನುತ್ತಿದ್ದ. ಅಂಥ ಮನುಷ್ಯ, ತಂಗಿ ಇನ್ನೂ ತೊಟ್ಟಿಲಲ್ಲಿರುವಾಗ, ಬೇರೆ ಊರಲ್ಲಿ ಬೇರೆ ಸಂಸಾರ ಹೂಡಲು ಹೇಳದೆ ಕೇಳದೆ ಕಾಲು ಕಿತ್ತ. ಅಮ್ಮ ಹೋಟೆಲೊಂದರ ಹಾಸಿಗೆ ಬಟ್ಟೆ ಒಗೆದು ಒಗೆದು ಕೈ ಬಿರಿದುಕೊಂಡಳು, ಕೊನೆಗೊಂದು ದಿನ ತೀರಿಹೋದಳು. ಅಕ್ಕ ಓದು ಬಿಟ್ಟು ತಂಗಿಯನ್ನು ಸಾಕಿದಳು. ಅಂದಿನಿಂದ ಅಪ್ಪ ಅನ್ನುವ ಮಾತು ಅವಳ ಬಾಯಿಂದ ಬಂದಿಲ್ಲ. ಹೇಳಲೇಬೇಕಾಗಿ ಬಂದರೆ 'ಆ ಮನುಷ್ಯ'.

ಆ ತಂಗಿಯೇ, ಅಂದರೆ ಪುಟ್ಟಿಯೇ, ಈಗ ಮದುವೆಗೆ ನಿಂತಿದ್ದಳು. ಹುಡುಗ ಲಿಫ್ಟ್ ರಿಪೇರಿ ಮಾಡುವವನು. "ಜೀವನ ಪೂರ್ತಿ ಮೇಲೆ ಕೆಳಗೆ ಓಡಾಡೋನು, ಒಂದು ಅಡಿ ಮುಂದೆ ಹೋಗೋದು ಗೊತ್ತಿಲ್ಲ," ಎಂದು ಅಕ್ಕ ಮೂಗು ಮುರಿದಿದ್ದಳು. ಆದರೂ ಹುಡುಗ ಒಳ್ಳೆಯವನು ಅನ್ನುವುದು ಅವಳಿಗೂ ಗೊತ್ತಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಆಮೇಲೆ ಮನೆ ಹತ್ತಿರದ ಹೋಟೆಲಿನಲ್ಲಿ ಊಟ, ಅಷ್ಟೇ. ಎರಡೂ ಕಡೆಯಿಂದ ಒಬ್ಬೊಬ್ಬ ಸಾಕ್ಷಿ ಬೇಕು. ಹುಡುಗನ ಕಡೆ ಅವನ ದೋಸ್ತ. ನಮ್ಮ ಕಡೆ ನಾನೇ ಎಂದು ಅಕ್ಕ ಹೊಸ ಪೆನ್ನು ಕೊಂಡಿಟ್ಟುಕೊಂಡಿದ್ದಳು.

ಮದುವೆಗೆ ಒಂದು ವಾರ ಇದೆ ಅನ್ನುವಾಗ ಪುಟ್ಟಿ ಪಾತ್ರೆ ಒರೆಸುತ್ತಾ, ಮುಖ ತಿರುಗಿಸದೆ ಹೇಳಿದಳು. "ಅಕ್ಕಾ, ಸಾಕ್ಷಿಗೆ ಅಪ್ಪನ್ನ ಕರ್ದಿದೀನಿ."

"ಯಾವ ಅಪ್ಪ?"

"ನಮಗೆ ಇರೋದು ಒಬ್ಬರೇ ಅಲ್ವಾ?"

ಅಕ್ಕನ ಮೈಯೆಲ್ಲ ಉರಿದು ಹೋಯಿತು. ಎಲ್ಲಿಂದ ಹುಡುಕಿದೆ, ಯಾವಾಗಿಂದ ಮಾತು, ನನ್ನ ಬೆನ್ನ ಹಿಂದೆ ಇದೆಲ್ಲ ಯಾಕೆ ಎಂದು ನಾಲಿಗೆ ಹರಿಬಿಟ್ಟಳು. ಪುಟ್ಟಿ ಎಲ್ಲ ಕೇಳಿಸಿಕೊಂಡು, "ನಾನು ಅವರ ಮುಖಾನೇ ನೋಡಿಲ್ಲ ಅಕ್ಕ. ಒಂದು ಸಲ ನೋಡ್ಬೇಕು. ಒಂದು ಸಹಿ ಹಾಕ್ಲಿ, ಅಷ್ಟು ಸಾಕು. ಅವತ್ತೇ ವಾಪಸ್ ಹೋಗ್ತಾರಂತೆ," ಅಂದಳು.

"ದಾರಿ ಗೊತ್ತಿದ್ಯಂತಾ ಆ ಮನುಷ್ಯನಿಗೆ? ನಮ್ಮನೆ ದಾರಿ ಇಷ್ಟು ವರ್ಷ ಸಿಗಲಿಲ್ಲವಲ್ಲ."

"ದಾರಿ ಹೇಳೋಕೆ ಹೋದೆ. ನಕ್ಕುಬಿಟ್ರು. ಆ ಊರಲ್ಲಿ ಬಸ್ ಓಡಿಸಿದೀನಿ, ನನಗೇ ದಾರಿ ಹೇಳ್ತೀಯಾ ಅಂದ್ರು." ಪುಟ್ಟಿಯೂ ನಕ್ಕಳು. ಆ ನಗುವಿನಲ್ಲಿ ಅಕ್ಕನಿಗೆ ಪಾಲಿರಲಿಲ್ಲ.

ಆ ವಾರವೆಲ್ಲ ಅವಳು ಮುಖ ಸಿಂಡರಿಸಿಕೊಂಡೇ ಕೆಲಸಕ್ಕೆ ಹೋದಳು. ಪಕ್ಕದ ಮೇಜಿನ ಹುಡುಗಿ, ಬಾಯಿ ಮುಚ್ಚದ ಕಾರಣಕ್ಕೆ ಎಲ್ಲರೂ ಗಿಣಿ ಅನ್ನುತ್ತಿದ್ದವಳು, ಬೇರೆ ರಾಗ ಶುರು ಮಾಡಿದ್ದಳು. "ಅಕ್ಕಾ, ಯಾರೋ ಫೋನ್ ಮಾಡ್ತಾರೆ, ನಾನು ನಮಸ್ಕಾರ ಅಂದ ತಕ್ಷಣ ಇಟ್ಟುಬಿಡ್ತಾರೆ. ನಿನ್ನೆಯಿಂದ ಇದೇ ಕಾಟ."

"ನಿನ್ನ ದನಿ ಕೇಳಿ ಇಡದೆ ಇನ್ನೇನು ಮಾಡ್ತಾರೆ? ಯಾರೋ ಬುದ್ಧಿವಂತರೇ ಇರ್ಬೇಕು," ಎಂದು ಅಕ್ಕ ಅವಳ ಬಾಯಿ ಮುಚ್ಚಿಸಿದಳು.

ಮದುವೆಗೆ ಇನ್ನೆರಡು ದಿನ ಇತ್ತು. ಎದುರಿನ ಹಲಗೆಗೆ ಆ ವಾರದ ಸೂಚನೆಗಳನ್ನು ಚುಚ್ಚಿದ್ದರು. ಹೊಸ ನಿಲ್ದಾಣದಿಂದ ಊರಿಗೆ ಬರುವ ರೈಲಿನ ಹಳಿ ದುರಸ್ತಿಯಲ್ಲಿದೆ, ಅರ್ಧ ದಾರಿಯಲ್ಲಿ ಎಲ್ಲರನ್ನೂ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ, ಬಸ್ಸು ಸಂತೆಬೀದಿಯ ಮೇಲೆ ಬರುತ್ತದೆ, ತುಂಬಾ ತಡವಾಗುತ್ತದೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅಕ್ಕ ಬೆಳಗಿನಿಂದ ಅದನ್ನೇ ಎಲ್ಲರಿಗೂ ಹೇಳಿ ಹೇಳಿ ಬೇಸತ್ತಿದ್ದಳು. ಆಗ ಮತ್ತೆ ಫೋನು ಬಡಿದುಕೊಂಡಿತು.

"ನಮಸ್ಕಾರ, ಪ್ರವಾಸಿ ಮಾಹಿತಿ ಕೇಂದ್ರ. ಹೇಳಿ."

ಆ ಕಡೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು. "ನಮಸ್ಕಾರ ತಾಯಿ. ನಾಡಿದ್ದು ನಿಮ್ಮೂರಿಗೆ ಬರ್ತಿದೀನಿ. ಬೆಳಗ್ಗೆ ಎರಡು ವಿಮಾನ ಇದೆಯಂತೆ. ಒಂದು ಹಳೇ ಏರ್‌ಪೋರ್ಟಿಗೆ, ಒಂದು ಹೊಸದಕ್ಕೆ. ಯಾವುದಕ್ಕೆ ಬರ್ಲಿ?"

ದನಿ ಮುದಿಯಾಗಿತ್ತು, ಒಡೆದಿತ್ತು. ಆದರೆ ಅದೇ ದನಿ. ಸೀಟಿನ ಹಿಂದೆ ಕೂತು ವರ್ಷಗಟ್ಟಲೆ ಕೇಳಿದ ಆ 'ತಾಯಿ' ಅನ್ನುವ ಎಳೆತ ಬೇರೆ ಯಾರಿಗೂ ಬರದು. ಅಕ್ಕನ ಕಿವಿ ಬಿಸಿಯಾಯಿತು. ಬಾಯಿ ಮಾತ್ರ ತನ್ನ ಕೆಲಸ ಮರೆಯಲಿಲ್ಲ.

"ಹೊಸ ಏರ್‌ಪೋರ್ಟ್ ದೊಡ್ಡದು ಸರ್. ಸೌಕರ್ಯ ಎಲ್ಲ ಚೆನ್ನಾಗಿದೆ. ವಿಮಾನವೂ ಅಲ್ಲಿ ಸರಿಯಾದ ಹೊತ್ತಿಗೆ ಇಳಿಯುತ್ತೆ."

"ನನಗೆ ಮಧ್ಯಾಹ್ನದೊಳಗೆ ಒಂದು ಕೆಲಸ ಇತ್ತು."

"ಅಲ್ಲಿಂದ ರೈಲಿದೆ ಸರ್. ರೈಲು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಳ್ಳಲ್ಲ."

"ಹಾಗಾದ್ರೆ ಹೊಸದಕ್ಕೇ ಬಾ ಅಂತೀರಿ."

ಅಕ್ಕ ಎದುರಿನ ಕೆಂಪಕ್ಷರ ನೋಡಿದಳು. "ಹೆಚ್ಚು ಜನ ಹೊಸದನ್ನೇ ಇಷ್ಟಪಡ್ತಾರೆ ಸರ್."

"ಸರಿ ತಾಯಿ. ನೀವು ಹೇಳಿದ ಮೇಲೆ ಆಯ್ತು," ಎಂದು ಆತ ಫೋನಿಟ್ಟ.

ಅಕ್ಕ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಒಂದು ಸುಳ್ಳಾದರೂ ಹೇಳಿದಳಾ? ನಿಲ್ದಾಣ ದೊಡ್ಡದು, ನಿಜ. ರೈಲಿದೆ, ನಿಜ. ರೈಲು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಅದೂ ನಿಜ. ಈ ಊರಿನ ದಾರಿಯೆಲ್ಲ ಅಂಗೈಯಲ್ಲಿದೆ ಎಂದು ಮಗಳ ಮುಂದೆ ಮೀಸೆ ತಿರುವಿ, ಕದ್ದು ಮಾಹಿತಿ ಕೇಂದ್ರಕ್ಕೆ ಫೋನು ಮಾಡುವ ಡ್ರೈವರನಿಗೆ ಇದಕ್ಕಿಂತ ಹೆಚ್ಚು ಯಾಕೆ ಹೇಳಬೇಕು? ಯಾರ ಜೊತೆ ಮಾತಾಡಿದೆ ಎಂದೂ ಗೊತ್ತಾಗಲಿಲ್ಲ ಪಾಪ. ಹೆತ್ತ ಮಗಳ ದನಿ ಗುರುತು ಸಿಗದ ತಂದೆ! ಆ ದಿನ ಅವಳು ಗಿಣಿಗೆ ಬಿಸ್ಕತ್ತು ಕೊಡಿಸಿದಳು. ಗಿಣಿ ಹೆದರಿಕೊಂಡೇ ತಿಂದಳು.

ಮದುವೆಯ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲೇ ತಯಾರಾದಳು. ಪೆನ್ನು ಕೈಚೀಲದಲ್ಲಿತ್ತು. ರಿಜಿಸ್ಟ್ರಾರ್ ಕಚೇರಿ ಹಳೇ ವಿಮಾನ ನಿಲ್ದಾಣದ ಮಗ್ಗುಲಲ್ಲೇ, ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ. ವಿಮಾನಗಳು ಛಾವಣಿಗೆ ತಾಗುವಷ್ಟು ತಗ್ಗಿ ಹಾರುತ್ತಿದ್ದವು. ಒಂದೊಂದು ಹೋದಾಗಲೂ ಕಿಟಕಿಯ ಗಾಜು ಗಡಗಡ ನಡುಗುವುದು, ಗುಮಾಸ್ತ ತಲೆ ಎತ್ತದೆ ಎರಡೂ ಕೈಯಲ್ಲಿ ಕಾಗದ ಒತ್ತಿ ಹಿಡಿಯುವುದು, ಸದ್ದು ಹೋದ ಮೇಲೆ ಕೈ ತೆಗೆದು ಬರೆಯುವುದು. ಇವನ ಇಡೀ ಬದುಕು ಇದರಲ್ಲೇ ಮುಗಿಯುತ್ತದೆ ಎಂದು ಅಕ್ಕನಿಗೆ ಅನಿಸಿತು.

ಪುಟ್ಟಿ ಕಿಟಕಿ ಬಿಟ್ಟು ಕದಲಲಿಲ್ಲ. ಪ್ರತಿ ವಿಮಾನಕ್ಕೂ, "ಇದರಲ್ಲೇ ಇರ್ತಾರೆ, ಇಲ್ಲಿಗೆ ನಡ್ಕೊಂಡೇ ಬರ್ಬಹುದು ಅಲ್ವಾ ಅಕ್ಕ?" ಎಂದು ಕೇಳುತ್ತಿದ್ದಳು. "ಬರ್ಬಹುದು," ಎಂದು ಅಕ್ಕ ಗೋಡೆ ನೋಡುತ್ತಾ ಹೇಳಿದಳು. ಅವರ ಸರದಿ ಬಂತು. ಪುಟ್ಟಿ ಹಿಂದಿನವರನ್ನು ಮುಂದೆ ಬಿಟ್ಟಳು. ಮತ್ತೆ ಬಂತು, ಮತ್ತೆ ಬಿಟ್ಟಳು. ಲಿಫ್ಟಿನ ಹುಡುಗ ಟೈ ಸಡಿಲ ಮಾಡಿಕೊಂಡು ಬೆಂಚಿನ ತುದಿಗೆ ಬಂದಿದ್ದ.

ಕೊನೆಗೆ ಪುಟ್ಟಿಯ ಫೋನು ಸದ್ದು ಮಾಡಿತು. "ಅಪ್ಪಾ, ಎಲ್ಲಿದೀರಿ? ... ಯಾವ ಬಸ್ಸು? ... ಸಂತೆಬೀದೀಲಾ? ಅಯ್ಯೋ, ಹೊಸ ಏರ್‌ಪೋರ್ಟಿಗೆ ಯಾಕೆ ಹೋದ್ರಿ ಅಪ್ಪಾ!" ಅವಳ ಮುಖ ಬಾಡಿತು.

"ನೋಡಿದ್ಯಾ?" ಅಕ್ಕ ಅಂದಳು. "ಬಸ್ ಓಡಿಸಿದ ಗಂಡಸು! ಈ ಊರಿನ ಚಿಕ್ಕ ಮಗು ಕೂಡ ಇವತ್ತು ಆ ಕಡೆ ತಲೆ ಹಾಕಲ್ಲ. ಅವನಿಗೆ ಬರೋ ಮನಸ್ಸಿದ್ರೆ ತಾನೇ? ಅವತ್ತೂ ಹೀಗೇ ಕೈ ಕೊಟ್ಟ, ಇವತ್ತೂ ಕೈ ಕೊಟ್ಟ."

ಪುಟ್ಟಿ ಅವಳನ್ನು ನೋಡಿದಳು. ಅಷ್ಟರಲ್ಲಿ ರಿಜಿಸ್ಟ್ರಾರ್ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಎದ್ದು ನಿಂತರು. "ಈಗ ಆಗುತ್ತೋ ಇಲ್ಲವೋ ಹೇಳಿಬಿಡಮ್ಮ. ಮಧ್ಯಾಹ್ನ ನನಗೆ ಬೇರೆ ಕಚೇರಿ. ಇಲ್ಲಾಂದ್ರೆ ಮುಂದಿನ ತಿಂಗಳು ಬನ್ನಿ." ಪುಟ್ಟಿ ಕಣ್ಣೊರೆಸಿಕೊಂಡು, "ಅಕ್ಕಾ, ನೀನೇ ಹಾಕು," ಅಂದಳು.

ಅಕ್ಕ ಹೊಸ ಪೆನ್ನು ತೆಗೆದು ಸಹಿ ಹಾಕಿದಳು. ಅದೇ ಹೊತ್ತಿಗೆ ಒಂದು ವಿಮಾನ ಹಾರಿ ಗುಮಾಸ್ತನ ಎರಡೂ ಕೈ ಕಾಗದದ ಮೇಲೆ ಬಿದ್ದವು. ಅವನ ಬೆರಳ ಸಂದಿಯಲ್ಲೇ ಅವಳು ತನ್ನ ಹೆಸರು ಬರೆದು ಮುಗಿಸಿದಳು. ಒಂದು ವಾರದಿಂದ ಬಯಸಿದ್ದು ಕೈಗೆ ಬಂದಿತ್ತು. ಆದರೂ ಪುಟ್ಟಿ ತನ್ನ ಮದುವೆಯ ಕಾಗದದ ಕಡೆ ನೋಡದೆ ಬಾಗಿಲನ್ನೇ ನೋಡುತ್ತಿದ್ದುದು ಅವಳಿಗೆ ಚುಚ್ಚಿತು.

ಆತ ಬಂದದ್ದು ಎಲ್ಲರೂ ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು, ಬೂಟಿನ ತುಂಬ ಧೂಳು. ಅಕ್ಕ ನೆನಪಿನಲ್ಲಿ ಬೈಯುತ್ತಾ ಬಂದಿದ್ದ ಎತ್ತರದ ಗಂಡಸು ಎಲ್ಲೋ ಕಳೆದುಹೋಗಿ, ಬಸ್ಸಿನ ಹಿಂದಿನ ಸೀಟಿನಿಂದ ಕಾಣುತ್ತಿದ್ದ ಅವನ ಕಿವಿಯನ್ನಷ್ಟೇ ಉಳಿಸಿಕೊಂಡ ಒಬ್ಬ ಮುದುಕ ನಿಂತಿದ್ದ. ಪುಟ್ಟಿ ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು. ಆತ ಅವಳ ಮುಖ ನೋಡಿದ, ಮತ್ತೆ ನೋಡಿದ.

"ಆಗೋಯ್ತು ಅಪ್ಪಾ. ಕಾಯ್ಲಿಲ್ಲ ಅವರು."

"ಆಗ್ಲಿ ಬಿಡಮ್ಮ. ಒಳ್ಳೇದಾಗ್ಲಿ."

"ಹೊಸದಕ್ಕೆ ಯಾಕೆ ಹೋದ್ರಿ? ಊರೆಲ್ಲ ಗೊತ್ತು ಅಂತ ನನ್ನ ಹತ್ರ ಜಂಬ ಕೊಚ್ಕೊಂಡಿದ್ರಲ್ಲ!"

ಮಾಹಿತಿ ಕೇಂದ್ರ ಅನ್ನುವ ಒಂದು ಮಾತು ಆತನ ಬಾಯಿಂದ ಬಿದ್ದರೆ ಮುಗಿಯಿತು. ಅವತ್ತು ಆ ಮೇಜಿನಲ್ಲಿ ಯಾರಿದ್ದರು ಎಂದು ಪುಟ್ಟಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳಿಯ ದುರಸ್ತಿಯ ಸುದ್ದಿಯನ್ನು ಅಕ್ಕ ವಾರದಿಂದ ಮನೆಯಲ್ಲೂ ಗೊಣಗುತ್ತಲೇ ಇದ್ದಳಲ್ಲ.

"ವಯಸ್ಸಾಯ್ತು ಪುಟ್ಟಿ, ಬುದ್ಧಿ ಮಣ್ಣು ತಿಂತು," ಅಂದ ಆತ. "ಹೊಸದು ಚೆನ್ನಾಗಿರುತ್ತೆ, ನೋಡೋಣ ಅನ್ನಿಸ್ತು."

"ಅಕ್ಕನ ಕೆಲಸಾನೇ ಅದು! ಒಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡ್ಬೇಕಿತ್ತು. ಹೊಳೀಲಿಲ್ಲ ನೋಡು."

ಪುಟ್ಟಿ ಅಳುತ್ತಲೇ ನಕ್ಕಳು. ನಮ್ಮಪ್ಪ ಬಸ್ ಡ್ರೈವರ್, ಸ್ವಂತ ಊರಲ್ಲೇ ದಾರಿ ತಪ್ಪಿದರು ಎಂದು ಗಂಡನಿಗೂ ಅವನ ದೋಸ್ತನಿಗೂ ಹೇಳಿದಳು. ಅವರೂ ನಕ್ಕರು. ಎಲ್ಲರ ಜೊತೆ ಆತನೂ ನಕ್ಕ. ಊಟದ ಹೊತ್ತಿನಲ್ಲೂ ಅದೇ ತಮಾಷೆ ನಡೆಯಿತು. ಪ್ರತಿ ಸಲವೂ ಆತ ತಲೆ ತಗ್ಗಿಸಿ ದಡ್ಡನ ಹಾಗೆ ನಕ್ಕ. ಅಕ್ಕ ಅನ್ನವನ್ನು ಕಲಸುತ್ತಲೇ ಕೂತಳು. ಬೈಯಲಿ, ಕೂಗಲಿ, ಎಲ್ಲರೆದುರು ಮಾನ ಕಳೆಯಲಿ. ಅದಕ್ಕೆ ಅವಳ ಬಳಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಈ ನಗುವೊಂದನ್ನು ಅವಳು ಎಣಿಸಿರಲಿಲ್ಲ.

ಊಟವಾದ ಮೇಲೆ ಆತ ಹೊರಟು ನಿಂತ. "ಅಕ್ಕಾ, ನೀನೇ ಹೋಗಿ ಸರಿಯಾದ ಬಸ್ಸಿಗೆ ಹತ್ತಿಸು. ಇವರನ್ನ ನಂಬೋ ಹಾಗಿಲ್ಲ," ಎಂದು ಪುಟ್ಟಿ ಅವಳನ್ನು ಜೊತೆಗೆ ಅಟ್ಟಿದಳು.

ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅಲ್ಲಿ ನಿಂತ ಮೇಲೆ ಅಕ್ಕನೇ ಕೇಳಿದಳು. "ಫೋನಲ್ಲಿ ನಾನು ಅಂತ ಗೊತ್ತಿತ್ತಾ ನಿಮಗೆ?"

"ನೀನು ಸಿಗ್ಲಿ ಅಂತಾನೇ ಎಷ್ಟೋ ಸಲ ಮಾಡಿದೆ. ಪ್ರತಿ ಸಲ ಬೇರೆ ಯಾವುದೋ ಹುಡುಗಿ ತಗೊಳ್ಳೋದು. ಪಾಪ, ಇಟ್ಟುಬಿಡ್ತಿದ್ದೆ."

"ನನಗೆ ನಿಮ್ಮ ಗುರುತು ಸಿಕ್ತು ಅಂತ?"

"ಅದೂ ಗೊತ್ತಾಯ್ತು." ಆತ ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಎಲ್ಲಿಗೆ ಹೋಗ್ಬೇಕು ಅಂತ ನೀನು ಕೇಳಲಿಲ್ಲ. ಆಫೀಸಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಡ್ತೀಯಂತೆ, ಪುಟ್ಟಿ ಹೇಳಿದ್ಲು. ಕೇಳಿ ತುಂಬ ಸಂತೋಷ ಆಗಿತ್ತು. ನನ್ನೊಬ್ಬನ್ನ ಮಾತ್ರ ಕೇಳಲಿಲ್ಲ ಅಂದ್ರೆ, ಎಲ್ಲಿಗೆ ಬರ್ತಿದೀನಿ ಅಂತ ನಿನಗೆ ಗೊತ್ತಿದೆ ಅಂತ ತಾನೇ?"

ಅಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. "ಗೊತ್ತಿದ್ದೂ ಹೊಸದಕ್ಕೆ ಯಾಕೆ ಹೋದ್ರಿ? ಆ ಜಾಗ ಎಷ್ಟು ದೂರ ಅಂತ ನಿಮಗೆ ಗೊತ್ತಿಲ್ವಾ?"

"ದಾರಿ ಕೇಳೋಕಾ ಮಗಳೇ ನಾನು ಫೋನ್ ಮಾಡಿದ್ದು? ಬರ್ಲಾ ಬೇಡ್ವಾ ಅಂತ ಕೇಳೋಕೆ ಮಾಡಿದ್ದು. ಪುಟ್ಟಿ ಬಾ ಅಂದಿದ್ಲು, ಅದಕ್ಕೆ ಬಂದೆ. ನೀನು ಬೇಡ ಅಂದೆ, ಅದಕ್ಕೆ ತಡವಾಗಿ ಬಂದೆ."

ಅವಳು ತಿರಸ್ಕಾರಕ್ಕಾಗಿ ತಡಕಾಡಿದಳು. ಅಷ್ಟು ವರ್ಷ ಕೂಡಿಟ್ಟದ್ದು, ಬೇಕೆಂದಾಗ ಕೈಗೆ ಸಿಗುತ್ತಿದ್ದದ್ದು, ಈಗ ಸಿಕ್ಕಿದರೂ ಎದುರು ನಿಂತವನ ಮೇಲೆ ಎಸೆಯಲು ಬರಲಿಲ್ಲ. ಅದು ಅವಳ ಕಡೆಗೇ ತಿರುಗಿತು. ಈ ಮನುಷ್ಯ ಮಾಡಿದ್ದು ಮಾಡಿಯೇ ಇದ್ದಾನೆ, ಅದನ್ನು ಅವಳು ಕ್ಷಮಿಸಿರಲಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಪುಟ್ಟಿಯ ಮದುವೆಯ ಕಾಗದದಲ್ಲಿ ಅಪ್ಪನ ಹೆಸರು ಇಲ್ಲದಂತೆ ಮಾಡಿದವನು ಅವನಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಳೇ ವಿಮಾನ ನಿಲ್ದಾಣದ ಬಸ್ಸು ಬಂದು ನಿಂತಿತು. ಆತ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಅವಳ ಬಾಯಿಂದ, ಆಫೀಸಿನ ಬೆಣ್ಣೆಯ ದನಿಯಲ್ಲಲ್ಲ, ಒರಟಾದ ಸ್ವಂತ ದನಿಯಲ್ಲಿ ಆ ಮಾತು ತಾನಾಗಿಯೇ ಹೊರಬಿತ್ತು.

"ನೀವು ಎಲ್ಲಿಗೆ ಹೋಗ್ಬೇಕು ಈಗ?"

ಆತ ತಿರುಗಿ ನೋಡಿದ. "ಅದನ್ನ ಮೊದಲು ಕೇಳ್ಬೇಕು ಅಂತ ಹೇಳಿಕೊಟ್ಟಿದ್ದೆ," ಎಂದು ಒಳಗೆ ನಡೆದ. ಡ್ರೈವರನ ಹಿಂದಿನ ಸೀಟು ಖಾಲಿ ಇತ್ತು. ಆತ ಅಲ್ಲೇ ಕೂತ.